ಪದವಿಗೆ ಮೊದಲೇ ಉದ್ಯೋಗದ ಹುಡುಕಾಟ: ಕ್ಯಾಲೆಂಡರು ಒಂದೆಡೆ, ಖರ್ಚು ಮತ್ತೊಂದೆಡೆ

ಬೆಂಗಳೂರು: ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂದು ಏಪ್ರಿಲ್ ತಿಂಗಳಲ್ಲಿ ಅರ್ಜಿ ಬರೆಯಲು ಕೂರುವ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿ ಇಂದಿಗೂ ಕಡಿಮೆಯೇನಿಲ್ಲ. ಆ ವೇಳೆಗೆ ಒಳ್ಳೆಯ ಅವಕಾಶಗಳ ಬಾಗಿಲು ಮುಚ್ಚಿ ತಿಂಗಳುಗಳೇ ಕಳೆದಿರುತ್ತವೆ. ಭಾರತೀಯ ರಿಸರ್ವ್ ಬ್ಯಾಂಕ್ ಸ್ನಾತಕೋತ್ತರ ಹಾಗೂ ಕಾನೂನು ವಿದ್ಯಾರ್ಥಿಗಳಿಗಾಗಿ ನಡೆಸುವ ಬೇಸಿಗೆ ತರಬೇತಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ಅರ್ಜಿ ಸ್ವೀಕರಿಸುವುದು ಹಿಂದಿನ ವರ್ಷದ ಅಕ್ಟೋಬರ್ 15ರಿಂದ ಡಿಸೆಂಬರ್ 15ರವರೆಗೆ ಮಾತ್ರ. ಆಯ್ಕೆಯಾದವರಿಗೆ ತಿಂಗಳಿಗೆ 20,000 ರೂ. ಶಿಷ್ಯವೇತನ ದೊರೆಯುತ್ತದೆ. ಬೆಂಗಳೂರಿನಲ್ಲೇ ಕಚೇರಿ ಹೊಂದಿರುವ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜತೆಗೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಸಾಮಾನ್ಯವಾಗಿ ನವೆಂಬರ್ ಮುಗಿಯುವುದರೊಳಗೆ ಅರ್ಜಿ ತಲುಪಿರಬೇಕು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್ ಕೂಡ ಚಳಿಗಾಲದಲ್ಲೇ ಅರ್ಜಿ ಕೇಳುತ್ತದೆ.

ಇವೆಲ್ಲವೂ ಶಿಷ್ಯವೇತನ ನೀಡುವ, ಸಾರ್ವಜನಿಕವಾಗಿ ಪ್ರಕಟವಾಗುವ ಅವಕಾಶಗಳು. ಸಮಯಕ್ಕೆ ಸರಿಯಾಗಿ ಅರ್ಜಿ ಹಾಕುವವರು ಯಾರೆಂಬುದೇ ಪ್ರಶ್ನೆ. ಅಣ್ಣನೋ ಅಕ್ಕನೋ ಈಗಾಗಲೇ ಆ ದಾರಿಯಲ್ಲಿ ನಡೆದಿರುವ ಮನೆಯ ಮಕ್ಕಳಿಗೆ, ಸಕ್ರಿಯ ಪ್ಲೇಸ್‌ಮೆಂಟ್ ಘಟಕವಿರುವ ನಗರದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸುದ್ದಿ ಮೊದಲೇ ತಲುಪುತ್ತದೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಸೂಚನಾ ಫಲಕಕ್ಕೆ ಅದು ಬರುವುದೇ ಇಲ್ಲ. ಬಂದರೂ ಕೊನೆಯ ದಿನಾಂಕ ಮುಗಿದ ಮೇಲೆ ಬರುತ್ತದೆ. ಪರೀಕ್ಷೆ ಮುಗಿಸಿ, ಅಂಕಪಟ್ಟಿ ಕೈಗೆ ಬಂದ ನಂತರ ಕೆಲಸ ಹುಡುಕುವ ಹಳೆಯ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಉದ್ಯೋಗ ಮಾರುಕಟ್ಟೆ ಮಾತ್ರ ಅದನ್ನು ಎಂದೋ ಕೈಬಿಟ್ಟಿದೆ.

ಕಡ್ಡಾಯವಾದ ಮೇಲೆ ಬದಲಾದದ್ದು

ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯಲ್ಲಿ ಅಂತಿಮ ವರ್ಷದಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್‌ಗೆ 10 ಕ್ರೆಡಿಟ್ ನಿಗದಿಯಾಗಿದೆ. ಉದ್ಯಮದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಅದನ್ನು ಪೂರೈಸದೆ ಪದವಿ ಇಲ್ಲ. ತರಗತಿಯ ನಾಲ್ಕು ಗೋಡೆಗಳಾಚೆ ವಿದ್ಯಾರ್ಥಿ ಒಮ್ಮೆ ಕಾರ್ಖಾನೆಯ ಎಣ್ಣೆ ವಾಸನೆ ಕುಡಿಯಲಿ, ಕಚೇರಿಯ ಗಡುವಿನ ಬಿಸಿ ಅನುಭವಿಸಲಿ ಎಂಬ ಉದ್ದೇಶ ಪ್ರಶ್ನಾತೀತ. ಆದರೆ ಕಡ್ಡಾಯ ಮಾಡಿದಷ್ಟು ಸುಲಭವಾಗಿ ಅಷ್ಟು ಸ್ಥಾನಗಳನ್ನು ಸೃಷ್ಟಿಸಲು ಯಾವ ವಿಶ್ವವಿದ್ಯಾಲಯಕ್ಕೂ ಸಾಧ್ಯವಿಲ್ಲ. ಬೇಡಿಕೆ ಸುತ್ತೋಲೆಯಿಂದ ಹುಟ್ಟಿತು, ಪೂರೈಕೆ ಹುಟ್ಟಲಿಲ್ಲ. ಆ ಅಂತರವನ್ನು ತುಂಬಲು ಬಂದವರು ಮಧ್ಯವರ್ತಿಗಳು.

ಎರಡು ದಶಕಗಳ ಹಿಂದೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದವರಿಗೆ 'ಪ್ರಾಜೆಕ್ಟ್ ಸೆಂಟರ್'ಗಳ ನೆನಪಿರಬಹುದು. ಅಂತಿಮ ವರ್ಷದ ಪ್ರಾಜೆಕ್ಟನ್ನು ವರದಿಯ ಸಮೇತ ಸಿದ್ಧಪಡಿಸಿ ಮಾರುತ್ತಿದ್ದ ಅಂಗಡಿಗಳವು. ಆ ವ್ಯಾಪಾರ ನಿಂತಿಲ್ಲ, ಅದರ ಫಲಕ ಬದಲಾಗಿದೆ ಅಷ್ಟೆ. ಈಗ ಶುಲ್ಕ ಪಡೆದು ಇಂಟರ್ನ್‌ಶಿಪ್ ನೀಡುತ್ತಾರೆ. ಕೆಲವು ಸಾವಿರ ರೂಪಾಯಿ ಕಟ್ಟಿದರೆ ನಾಲ್ಕಾರು ಧ್ವನಿಮುದ್ರಿತ ಪಾಠ, ಎಲ್ಲರಿಗೂ ಒಂದೇ ಆದ ಮಾದರಿ ಪ್ರಾಜೆಕ್ಟ್, ಕೊನೆಗೆ ಮೊಹರು ಒತ್ತಿದ ಪ್ರಮಾಣಪತ್ರ. ಕಾಲೇಜಿಗೆ ದಾಖಲೆ ಸಿಗುತ್ತದೆ, ವಿದ್ಯಾರ್ಥಿಗೆ ಕ್ರೆಡಿಟ್ ಸಿಗುತ್ತದೆ. ಸಂದರ್ಶನದಲ್ಲಿ 'ಆ ನಾಲ್ಕು ತಿಂಗಳಲ್ಲಿ ನೀನು ಸ್ವತಃ ಮಾಡಿದ್ದೇನು' ಎಂದು ಕೇಳಿದಾಗ ಮಾತ್ರ ಉತ್ತರ ಸಿಗುವುದಿಲ್ಲ.

ಒಂದು ಸರಳ ಪರೀಕ್ಷೆ ಇದೆ. ಕೆಲಸ ಕಲಿಸುವ ಸಂಸ್ಥೆಗೆ ವಿದ್ಯಾರ್ಥಿಯಿಂದ ಏನಾದರೂ ಪ್ರಯೋಜನವಿದ್ದರೆ ಅದು ಅವನಿಂದ ಹಣ ಕೇಳುವುದಿಲ್ಲ. ಹಣ ಕೇಳಿದರೆ ಅದು ತರಬೇತಿ ಕೋರ್ಸು. ಕೋರ್ಸು ಒಳ್ಳೆಯದಿರಬಹುದು, ಕೆಟ್ಟದ್ದಿರಬಹುದು, ಆದರೆ ಅದನ್ನು ಇಂಟರ್ನ್‌ಶಿಪ್ ಎಂದು ಕರೆಯುವುದು ತಪ್ಪು. 'ನೋಂದಣಿ ಶುಲ್ಕ', 'ಭದ್ರತಾ ಠೇವಣಿ', 'ಲ್ಯಾಪ್‌ಟಾಪ್ ಮುಂಗಡ' ಎಂಬ ಹೆಸರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಒಂದೇ ಪದ, ಹಲವು ಸ್ಥಾನಮಾನ

'ಇಂಟರ್ನ್' ಎಂಬ ಒಂದೇ ಪದದ ಅಡಿಯಲ್ಲಿ ನಮ್ಮಲ್ಲಿ ಎಷ್ಟು ಬಗೆಯ ವಿದ್ಯಾರ್ಥಿಗಳಿದ್ದಾರೆ ನೋಡಿ. ವೈದ್ಯಕೀಯ ಪದವಿಯ ಇಂಟರ್ನ್‌ಗಳಿಗೆ ರಾಜ್ಯ ಸರ್ಕಾರ 2020ರಲ್ಲಿ ಶಿಷ್ಯವೇತನವನ್ನು ತಿಂಗಳಿಗೆ 30,000 ರೂ.ಗೆ ಏರಿಸಿತು. ಲೆಕ್ಕಪರಿಶೋಧಕರಾಗಲು ಓದುವವರ ಆರ್ಟಿಕಲ್‌ಶಿಪ್‌ಗೆ ಅವರ ಸಂಸ್ಥೆಯೇ ನಿಯಮ ರೂಪಿಸಿ ಕನಿಷ್ಠ ಶಿಷ್ಯವೇತನ ನಿಗದಿ ಮಾಡಿದೆ. 2023ರ ಜುಲೈನಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ ಅದರ ಅವಧಿಯನ್ನು ಮೂರು ವರ್ಷಗಳಿಂದ ಎರಡಕ್ಕೆ ಇಳಿಸಲಾಗಿದೆ. ವಕೀಲಿಕೆ ಓದುವವರಿಗೆ ವಕೀಲರ ಪರಿಷತ್ತು ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಎಂದು ಹೇಳಿದೆ, ಹಣದ ಮಾತಿಲ್ಲ. ಎಂಜಿನಿಯರಿಂಗ್, ಬಿಸಿಎ, ಬಿಕಾಂ, ಬಿಎ ವಿದ್ಯಾರ್ಥಿಗಳ ಪಾಲಿಗೆ ಎಲ್ಲವೂ ಕಂಪನಿಯ ಔದಾರ್ಯಕ್ಕೆ ಬಿಟ್ಟದ್ದು.

ಇಲ್ಲಿಯೇ ಅಪ್ರೆಂಟಿಸ್ ಮತ್ತು ಇಂಟರ್ನ್ ನಡುವಿನ ವ್ಯತ್ಯಾಸ ಮುಖ್ಯವಾಗುತ್ತದೆ. ಅಪ್ರೆಂಟಿಸ್ ಕಾಯಿದೆ 1961ರಷ್ಟು ಹಳೆಯದು. ಅದರಡಿ ಸಂಸ್ಥೆ ಮತ್ತು ಅಭ್ಯರ್ಥಿಯ ನಡುವೆ ಲಿಖಿತ ಕರಾರು ಆಗಬೇಕು, ಅದು ನೋಂದಣಿಯಾಗಬೇಕು. 2019ರ ನಿಯಮಗಳ ಪ್ರಕಾರ ಪದವೀಧರ ಅಪ್ರೆಂಟಿಸ್‌ಗೆ ಕನಿಷ್ಠ 9,000 ರೂ., ಡಿಪ್ಲೊಮಾದವರಿಗೆ 8,000 ರೂ. ಮಾಸಿಕ ಶಿಷ್ಯವೇತನ, ಇದನ್ನು ಶೇ. 36ರಷ್ಟು ಹೆಚ್ಚಿಸುವಂತೆ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. 30 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕೆಲಸದ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು. ನಮ್ಮಲ್ಲೇ ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಈ ಕಾಯಿದೆಯಡಿ ಪದವೀಧರರನ್ನು ತೆಗೆದುಕೊಳ್ಳುತ್ತ ಬಂದಿವೆ. ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಇಂಥ ಅವಕಾಶಗಳು ಕಾಣಸಿಗುತ್ತವೆ. ಆದರೂ 'ಅಪ್ರೆಂಟಿಸ್' ಎಂದರೆ ಐಟಿಐ ಹುಡುಗರದು ಎಂಬ ಮೂಗುಮುರಿತ ನಮ್ಮ ಪದವೀಧರರಲ್ಲಿ ಹೋಗಿಲ್ಲ.

ಹಾಗೆಂದು ಅಪ್ರೆಂಟಿಸ್ ಎಂದರೆ ನೌಕರನಲ್ಲ. ಕಾಯಿದೆಯೇ ಅವನನ್ನು ಕಲಿಯುವವನೆಂದು ಹೇಳಿ ಕಾರ್ಮಿಕ ಕಾನೂನುಗಳ ವ್ಯಾಪ್ತಿಯಿಂದ ಹೊರಗಿಡುತ್ತದೆ. ಇದರ ಅರ್ಥ ಏನೆಂಬುದು 2025ರ ಫೆಬ್ರುವರಿಯಲ್ಲಿ ಮೈಸೂರಿನಲ್ಲಿ ಎಲ್ಲರಿಗೂ ತಿಳಿಯಿತು. ಆಂತರಿಕ ಪರೀಕ್ಷೆಯಲ್ಲಿ ಮೂರು ಪ್ರಯತ್ನಗಳಲ್ಲೂ ತೇರ್ಗಡೆಯಾಗಲಿಲ್ಲವೆಂಬ ಕಾರಣಕ್ಕೆ ಇನ್ಫೋಸಿಸ್ ಅಲ್ಲಿನ ತನ್ನ ತರಬೇತಿ ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ಹೊಸಬರನ್ನು ಮನೆಗೆ ಕಳುಹಿಸಿತು. ಐಟಿ ನೌಕರರ ಸಂಘಟನೆ 'ನೈಟ್ಸ್' ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ನೀಡಿತು. ಸಚಿವಾಲಯ ರಾಜ್ಯಕ್ಕೆ ಬರೆಯಿತು. ರಾಜ್ಯ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಹೋಗಿ ನೋಡಿ, ಅವರು ತರಬೇತಿಯಲ್ಲಿದ್ದ ಅಪ್ರೆಂಟಿಸ್‌ಗಳಾದ್ದರಿಂದ ಕಾರ್ಮಿಕ ಕಾನೂನಿನ ಉಲ್ಲಂಘನೆ ಆಗಿಲ್ಲ ಎಂಬ ನಿಲುವಿಗೆ ಬಂದರು. ಅವರಲ್ಲಿ 2022ರಲ್ಲಿ ಪದವಿ ಮುಗಿಸಿ, ಆಫರ್ ಪತ್ರ ಕೈಯಲ್ಲಿ ಹಿಡಿದು ಎರಡು ವರ್ಷ ಕಾದವರೂ ಇದ್ದರು. ಹೀಗೆ ಕಾಯುತ್ತಿರುವವರು ಸುಮಾರು ಎರಡು ಸಾವಿರ ಮಂದಿ ಎಂದು ಅದೇ ಸಂಘಟನೆ ಹಿಂದೆ ದೂರಿತ್ತು. ಸೇರ್ಪಡೆ ಪತ್ರಗಳು ಹೊರಟದ್ದು 2024ರ ಸೆಪ್ಟೆಂಬರ್‌ನಲ್ಲಿ.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ನೌಕರರಿಗೆ ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿದವು. ಆದರೆ ವೇತನ ಸಂಹಿತೆಯ 'ನೌಕರ' ಎಂಬ ವ್ಯಾಖ್ಯಾನದಿಂದ ಅಪ್ರೆಂಟಿಸ್ ಹೊರಗೇ ಉಳಿದಿದ್ದಾನೆ. ಕಾಲೇಜಿನಿಂದ ನಾಲ್ಕು ತಿಂಗಳಿಗೆಂದು ಹೋಗುವ ಇಂಟರ್ನ್‌ಗಂತೂ ಅಪ್ರೆಂಟಿಸ್‌ಗಿರುವ ಕರಾರಿನ ಆಸರೆಯೂ ಇಲ್ಲ. ಆದ್ದರಿಂದ ಸೇರುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುವುದೇ ಅವನಿಗಿರುವ ಏಕೈಕ ರಕ್ಷಣೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ವಿಭಾಗದಲ್ಲಿ, ಯಾರ ಉಸ್ತುವಾರಿಯಲ್ಲಿ, ಶಿಷ್ಯವೇತನ ಎಷ್ಟು ಮತ್ತು ಯಾವಾಗ, ನಡುವೆ ಬಿಟ್ಟರೆ ಏನು. ಇಷ್ಟನ್ನು ಒಂದು ಇ-ಮೇಲ್‌ನಲ್ಲಿ ಖಚಿತಪಡಿಸಲು ಒಪ್ಪದ ಸಂಸ್ಥೆಯಲ್ಲಿ ನಾಲ್ಕು ತಿಂಗಳು ಕಳೆಯುವುದು ವಿವೇಕವಲ್ಲ.

8,700ರ ಲೆಕ್ಕ

ಸರ್ಕಾರ ಏನನ್ನೂ ಮಾಡಿಲ್ಲವೆಂದಲ್ಲ. 2024ರ ಜುಲೈ 23ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಗುರಿ ಐದು ವರ್ಷಗಳಲ್ಲಿ ದೇಶದ 500 ದೊಡ್ಡ ಕಂಪನಿಗಳಲ್ಲಿ ಒಂದು ಕೋಟಿ ಯುವಜನರಿಗೆ ಅವಕಾಶ. ಹನ್ನೆರಡು ತಿಂಗಳ ಅವಧಿ, ತಿಂಗಳಿಗೆ 5,000 ರೂ., ಸೇರುವಾಗ ಒಮ್ಮೆ 6,000 ರೂ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಹಂತ ಆರಂಭವಾಯಿತು. ಸಂಸತ್ತಿಗೆ ಸರ್ಕಾರ ನೀಡಿದ ಮಾಹಿತಿಯಂತೆ ಮೊದಲ ಸುತ್ತಿನಲ್ಲಿ ಕಂಪನಿಗಳು ತೆರೆದಿಟ್ಟ ಸ್ಥಾನಗಳು ಸುಮಾರು 1.27 ಲಕ್ಷ. ಹೊರಟ ಆಹ್ವಾನಗಳು ಸುಮಾರು 82 ಸಾವಿರ. ಒಪ್ಪಿಕೊಂಡವರು ಸುಮಾರು 28 ಸಾವಿರ. ನಿಜವಾಗಿ ಹೋಗಿ ಸೇರಿದವರು ಸುಮಾರು 8,700.

ಇಷ್ಟೊಂದು ಜನ ಕೈಗೆ ಬಂದ ಅವಕಾಶವನ್ನು ಏಕೆ ಬಿಟ್ಟರು? ಸ್ಥಳ ದೂರ, ಅವಧಿ ದೀರ್ಘ, ಕೆಲಸ ಇಷ್ಟದ್ದಲ್ಲ ಎಂಬ ಕಾರಣಗಳು ಮುಂದೆ ಬಂದಿವೆ. ಮೊದಲ ಕಾರಣವನ್ನು ಬೆಂಗಳೂರಿನ ದರದಲ್ಲಿ ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೂವರು ಹಂಚಿಕೊಳ್ಳುವ ಪಿಜಿ ಕೊಠಡಿಗೆ ಊಟ ಸೇರಿ ಏಳೆಂಟು ಸಾವಿರ ರೂಪಾಯಿಗೆ ಕಡಿಮೆ ಸಿಗುವುದು ಕಷ್ಟ. ಓಡಾಟ, ಮೊಬೈಲು, ಇತರೆ ಖರ್ಚೆಂದು ಎರಡು ಸಾವಿರ ಸೇರಿಸಿ. (ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ರಾಜ್ಯದ ವಿದ್ಯಾರ್ಥಿನಿಯರಿಗೆ ಬಸ್ಸಿನ ಖರ್ಚು ಉಳಿದಿದೆ, ಈ ಚರ್ಚೆಯಲ್ಲಿ ಯಾರೂ ಉಲ್ಲೇಖಿಸದ ಅದರ ಒಂದು ಪ್ರಯೋಜನವಿದು.) ಕೊಪ್ಪಳದಿಂದಲೋ ಕಲಬುರಗಿಯಿಂದಲೋ ಬರುವ ವಿದ್ಯಾರ್ಥಿ 5,000 ರೂ. ಪಡೆದು ಮನೆಯಿಂದ ಮತ್ತೆ ಅಷ್ಟೇ ತರಿಸಬೇಕು. ಶಿಷ್ಯವೇತನವೇ ಇಲ್ಲದ ನಾಲ್ಕು ತಿಂಗಳ ಇಂಟರ್ನ್‌ಶಿಪ್ ಆದರೆ ಕುಟುಂಬದ ಮೇಲೆ ಬೀಳುವ ಹೊರೆ ಹತ್ತಿರ ಹತ್ತಿರ 40,000 ರೂ. ಅದೇ ಬೆಂಗಳೂರಿನಲ್ಲಿ ಮನೆಯಿರುವ ವಿದ್ಯಾರ್ಥಿಗೆ ಈ ಖರ್ಚಿನ ಬಹುಪಾಲು ಇಲ್ಲವೇ ಇಲ್ಲ. ಪ್ರತಿಭೆಯ ಪೈಪೋಟಿ ಆರಂಭವಾಗುವ ಮುನ್ನವೇ ಬಾಡಿಗೆಯ ಪೈಪೋಟಿಯಲ್ಲಿ ಫಲಿತಾಂಶ ತೀರ್ಮಾನವಾಗುವುದು ಹೀಗೆ.

ಇನ್ನೊಂದು ಅಂಶ. ಪ್ರಕಟವಾದಾಗಿನ ನಿಯಮಗಳ ಪ್ರಕಾರ ಈ ಯೋಜನೆಗೆ ವಯೋಮಿತಿ 21ರಿಂದ 24. ಪೂರ್ಣಾವಧಿ ಓದುತ್ತಿರುವವರಿಗೆ ಪ್ರವೇಶವಿಲ್ಲ. ಅಂದರೆ ಇಂಟರ್ನ್‌ಶಿಪ್ ಕಡ್ಡಾಯವಾಗಿರುವ ಅಂತಿಮ ವರ್ಷದ ವಿದ್ಯಾರ್ಥಿಗೆ ಇದು ಸಿಗುವಂತಿರಲಿಲ್ಲ.

ರಾಜ್ಯ ಸರ್ಕಾರದ ಯುವನಿಧಿಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಡಿ ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ., ಗರಿಷ್ಠ ಎರಡು ವರ್ಷ. ಒಬ್ಬ ಪದವೀಧರನಿಗೆ ಒಟ್ಟು 72,000 ರೂ. ಆಯಿತು. ಅಪ್ರೆಂಟಿಸ್ ವೇತನ ಪಡೆಯುತ್ತಿರುವವರಿಗೆ ಯುವನಿಧಿ ಇಲ್ಲ. ನಿರುದ್ಯೋಗಿಯ ನೆರವಿಗೆ ನಿಲ್ಲುವುದು ಸರಿಯಾದ ಕ್ರಮವೇ. ಆದರೆ ಕೆಲಸ ಸಿಗಲಿಲ್ಲವೆಂದಾದ ಮೇಲೆ 72,000 ರೂ. ವರೆಗೆ ಕೊಡಬಲ್ಲ ಸರ್ಕಾರ, ಕೆಲಸ ಸಿಗುವ ಸಾಧ್ಯತೆಯನ್ನು ಹೆಚ್ಚಿಸುವ ನಾಲ್ಕು ತಿಂಗಳ ವಾಸದ ಖರ್ಚಿಗೆ ಅದರ ಅರ್ಧವನ್ನು ಮೊದಲೇ ಕೊಟ್ಟರೆ ಏನಾಗಬಹುದೆಂದು ಒಂದೆರಡು ಜಿಲ್ಲೆಗಳಲ್ಲಾದರೂ ಪ್ರಯೋಗ ಮಾಡಿ ನೋಡಬಾರದೇ? ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳು ಬೆಂಗಳೂರಿನಲ್ಲಿ ಇವೆ. ಇಂಟರ್ನ್‌ಶಿಪ್ ಅವಧಿಗೆ ಬೇರೆ ಜಿಲ್ಲೆಯ ವಿದ್ಯಾರ್ಥಿಗೆ ಅಲ್ಲೊಂದು ಹಾಸಿಗೆ ಕೊಟ್ಟರೂ ಅರ್ಧ ಸಮಸ್ಯೆ ನೀಗುತ್ತದೆ.

ಕ್ಯಾಂಪಸ್ಸನ್ನೇ ನೆಚ್ಚಿಕೊಂಡರೆ

'ಏಳನೇ ಸೆಮಿಸ್ಟರ್‌ನಲ್ಲಿ ಕಂಪನಿಗಳು ಕಾಲೇಜಿಗೇ ಬರುತ್ತವಲ್ಲ' ಎಂಬ ನೆಮ್ಮದಿ ಈಗ ಮೊದಲಿನಷ್ಟು ಗಟ್ಟಿಯಲ್ಲ. ಇನ್ಫೋಸಿಸ್ 2022-23ರಲ್ಲಿ 50 ಸಾವಿರಕ್ಕೂ ಹೆಚ್ಚು ಹೊಸ ಪದವೀಧರರನ್ನು ಸೇರಿಸಿಕೊಂಡಿತ್ತು. ಮರುವರ್ಷ ಆ ಸಂಖ್ಯೆ 11,900ಕ್ಕೆ ಕುಸಿಯಿತು. ಟಿಸಿಎಸ್‌ನ ಒಟ್ಟು ಸಿಬ್ಬಂದಿ 2023-24ರಲ್ಲಿ 13,249ರಷ್ಟು ಇಳಿಯಿತು. 2025ರ ಜುಲೈನಲ್ಲಿ ಅದೇ ಕಂಪನಿ ಸುಮಾರು 12 ಸಾವಿರ ಹುದ್ದೆಗಳ ಕಡಿತ ಪ್ರಕಟಿಸಿತು. ಒಂದು ವರ್ಷ ಬಲೆ ಬೀಸಿ ಬಾಚಿಕೊಳ್ಳುವ, ಮರುವರ್ಷ ಕೈಬಿಡುವ ಈ ಏರಿಳಿತದಲ್ಲಿ ವಿದ್ಯಾರ್ಥಿ ಯಾವ ವರ್ಷ ಹುಟ್ಟಿದ ಎಂಬುದೇ ಅವನ ಭವಿಷ್ಯ ನಿರ್ಧರಿಸುವಂತಾಗಿದೆ. ಹೆಚ್ಚು ಜನರನ್ನು ಒಮ್ಮೆಲೇ ತೆಗೆದುಕೊಳ್ಳುವ ಕಂಪನಿಗಳು ಹಿಂದೆ ಸರಿದಾಗ, ಒಬ್ಬಿಬ್ಬರನ್ನು ತೆಗೆದುಕೊಳ್ಳುವ ಸಣ್ಣ ಸಂಸ್ಥೆಗಳನ್ನು ಹುಡುಕಿಕೊಂಡು ವಿದ್ಯಾರ್ಥಿಯೇ ಹೋಗಬೇಕಾಗುತ್ತದೆ. ಅಲ್ಲಿ ಪ್ರವೇಶ ಪರೀಕ್ಷೆಗಿಂತ ಹಿಂದೆ ಮಾಡಿದ ಕೆಲಸಕ್ಕೆ ಬೆಲೆ.

ಹೀಗಾಗಿ ಯೋಜನೆ ಹಿಂದಿನಿಂದ ಮುಂದಕ್ಕೆ ಸಾಗಬೇಕು. ಅಂತಿಮ ವರ್ಷದ ಜುಲೈ-ಆಗಸ್ಟ್‌ನಲ್ಲಿ ಸಂದರ್ಶನಗಳು ಆರಂಭವಾಗುತ್ತವೆ ಎಂದಾದರೆ, ಅದಕ್ಕಿಂತ ಮೊದಲಿನ ಬೇಸಿಗೆಯಲ್ಲಿ ಒಂದು ಇಂಟರ್ನ್‌ಶಿಪ್ ಮುಗಿದಿರಬೇಕು. ಆ ಬೇಸಿಗೆಗೆ ಅರ್ಜಿ ಹಾಕುವುದು ಮೂರನೇ ವರ್ಷದ ದಸರಾ ಮತ್ತು ಸಂಕ್ರಾಂತಿಯ ನಡುವೆ. ಅರ್ಜಿಯಲ್ಲಿ ಬರೆಯಲು ಏನಾದರೂ ಇರಬೇಕಾದರೆ ಎರಡನೇ ವರ್ಷದಲ್ಲೇ ಒಂದು ಸ್ವಂತ ಕೆಲಸ ಆಗಿರಬೇಕು. ಅದು ದೊಡ್ಡದಿರಬೇಕಿಲ್ಲ. ಊರಿನ ಸಹಕಾರ ಸಂಘದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿಕೊಟ್ಟ ಬಿಕಾಂ ವಿದ್ಯಾರ್ಥಿ, ತನ್ನ ತಾಲ್ಲೂಕಿನ ಕೊಳವೆಬಾವಿಗಳ ನೀರಿನ ಮಟ್ಟ ಅಳೆದು ಪಟ್ಟಿ ಮಾಡಿದ ಬಿಎಸ್‌ಸಿ ವಿದ್ಯಾರ್ಥಿನಿ, ಇಬ್ಬರಿಗೂ ಸಂದರ್ಶನದಲ್ಲಿ ಹತ್ತು ನಿಮಿಷ ಮಾತನಾಡಲು ವಿಷಯವಿರುತ್ತದೆ. ಕೊಂಡುತಂದ ಪ್ರಮಾಣಪತ್ರಗಳು ಹತ್ತಿದ್ದರೂ ಅದು ಇರುವುದಿಲ್ಲ. ಇಂಗ್ಲಿಷ್ ಹಿಂಜರಿಕೆ ಇರುವವರಿಗಂತೂ ಇದು ಹೆಚ್ಚು ನಿಜ. ತಾನೇ ಮಾಡಿದ ಕೆಲಸದ ಬಗ್ಗೆ ಹರಕುಮುರುಕು ಇಂಗ್ಲಿಷ್‌ನಲ್ಲಿ ಹೇಳಿದರೂ ಕೇಳುವವರಿಗೆ ಅರ್ಥವಾಗುತ್ತದೆ.

ಎಲ್ಲರೂ ಬೆಂಗಳೂರಿಗೇ ಬರಬೇಕೆಂಬ ಭ್ರಮೆಯನ್ನೂ ಸ್ವಲ್ಪ ಬದಿಗಿಡಬಹುದು. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯವೂ ಎರಕದ ಕಾರ್ಖಾನೆಗಳೂ ಇವೆ. ಶಿವಮೊಗ್ಗದಲ್ಲೂ ಎರಕದ ಉದ್ಯಮ ಬೇರೂರಿದೆ. ತೋರಣಗಲ್ಲಿನಲ್ಲಿ ಬೃಹತ್ ಉಕ್ಕಿನ ಸ್ಥಾವರ, ಕೊಪ್ಪಳದ ಬಳಿ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣದ ಕಾರ್ಖಾನೆ, ಮಂಗಳೂರಿನಲ್ಲಿ ತೈಲ ಶುದ್ಧೀಕರಣ ಘಟಕ ಇವೆ. ಮನೆಯ ಊಟ ಉಂಡು, ಬಸ್ಸಿನಲ್ಲಿ ಹೋಗಿ ಬಂದು ನಾಲ್ಕು ತಿಂಗಳು ನಿಜವಾದ ಯಂತ್ರದ ಮುಂದೆ ನಿಲ್ಲುವುದು, ಬೆಂಗಳೂರಿನ ಯಾವುದೋ ಮಹಡಿಯಲ್ಲಿ ಹೆಸರಿಲ್ಲದ ಕಂಪನಿಯ ಧ್ವನಿಮುದ್ರಿತ ಪಾಠ ಕೇಳುವುದಕ್ಕಿಂತ ಎಷ್ಟೋ ಮೇಲು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ಇದು ಹೊಂದುತ್ತದೆ. ಕಂಪ್ಯೂಟರ್ ವಿಜ್ಞಾನದವರಿಗೆ ಆಯ್ಕೆ ಕಿರಿದು ಎಂಬುದನ್ನು ಒಪ್ಪಬೇಕು, ಆದರೂ ಕಾರ್ಖಾನೆಗಳಲ್ಲೂ ಗಣಕ ವಿಭಾಗಗಳಿವೆ.

ಪದವಿ ಕಾಲೇಜುಗಳ ಮಟ್ಟಿಗೆ 2024-25ರಿಂದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶುರುವಾದ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿ ಕೋರ್ಸುಗಳು ಗಮನಿಸಬೇಕಾದ ಹೆಜ್ಜೆ. ಕಲಿಕೆಯ ಭಾಗವಾಗಿಯೇ ಶಿಷ್ಯವೇತನ ಸಹಿತ ಕೆಲಸದ ಅನುಭವ ಕೊಡುವ ಉದ್ದೇಶ ಇವುಗಳದ್ದು. ಉಳಿದ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಘಟಕವೆಂದರೆ ಹೆಚ್ಚಾಗಿ ಪಾಠ, ಮೌಲ್ಯಮಾಪನ, ಚುನಾವಣಾ ಕರ್ತವ್ಯಗಳ ನಡುವೆ ಹೆಚ್ಚುವರಿ ಹೊಣೆ ಹೊತ್ತ ಒಬ್ಬ ಅಧ್ಯಾಪಕರು ಮತ್ತು ಬೀಗ ಹಾಕಿದ ಒಂದು ಬೀರು.

ಆ ಅಧ್ಯಾಪಕರಿಗೂ ಹೆಚ್ಚು ಖರ್ಚಿಲ್ಲದ ಒಂದು ದಾರಿ ಇದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ, ಜಿಲ್ಲೆಯ ಉದ್ದಿಮೆಗಳ ಮಾಹಿತಿ ಅಲ್ಲಿ ಸಿಗುತ್ತದೆ. ಪ್ರಾಂಶುಪಾಲರ ಸಹಿಯಿರುವ ಪತ್ರವೊಂದು ಸೆಪ್ಟೆಂಬರ್‌ನಲ್ಲಿ ಆ ಉದ್ದಿಮೆಗಳಿಗೆ ಹೊರಟರೆ, ವಿದ್ಯಾರ್ಥಿ ಏಪ್ರಿಲ್‌ನಲ್ಲಿ ಅರ್ಜಿ ಹಿಡಿದು ಹೊರಡುವ ಹೊತ್ತಿಗೆ ಒಂದಷ್ಟು ಉತ್ತರಗಳಾದರೂ ಕಾಲೇಜಿಗೆ ಬಂದಿರುತ್ತವೆ.